ಸ್ವಿಚ್‌ನ ಲಾಗಿನ್ ಊರಿಗೆಲ್ಲ ತೆರೆದಿದೆಯೇ? ತೋಟ, ಹೋಮ್‌ಸ್ಟೇ ಇರುವವರು ಒಮ್ಮೆ ನೋಡಿಕೊಳ್ಳಿ

ಕ್ಯಾಮೆರಾ, ವೈಫೈ ಎಲ್ಲವನ್ನೂ ಕೂಡಿಸುವ ನೆಟ್‌ವರ್ಕ್ ಸ್ವಿಚ್ಚನ್ನು ಕಾಂಟ್ರಾಕ್ಟರ್ ದೂರದಿಂದಲೇ ನೋಡಿಕೊಳ್ಳುತ್ತಾನೆ ಎಂದು ನಿಶ್ಚಿಂತೆಯಿಂದಿರುವವರಿಗೆ ಈ ಬರಹ. ಅವನು ಬರುವ ದಾರಿಯಲ್ಲೇ ಬೇರೆಯವರೂ ಬರುತ್ತಾರೆ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ದೊಡ್ಡಪ್ಪನ ತೋಟದಲ್ಲಿ ಹಾಗೇ ಆಯಿತು.

ರೊಬಸ್ಟಾ ಕುಯ್ಲಿನ ಸಮಯ, ಕಣದ ತುಂಬ ಕಾಫಿ. ಬೆಳಿಗ್ಗೆ ತೋಟದ ಲೆಕ್ಕ ನೋಡುವ ರೈಟರ್ ನೋಡಿದರೆ ಕಣದ ಕ್ಯಾಮೆರಾ, ಸ್ಟೋರಿನ ಕ್ಯಾಮೆರಾ ಯಾವುದರಲ್ಲೂ ಚಿತ್ರವಿಲ್ಲ, ರಾತ್ರಿಯ ರೆಕಾರ್ಡಿಂಗೂ ಇಲ್ಲ. ಕಾವಲಿನವನು ಎಚ್ಚರವಾಗಿದ್ದ, ಮೂಟೆ ಹೋಗಿರಲಿಲ್ಲ. ಕರೆಂಟ್ ಹೋಗಿ ಬಂದಾಗ ಸುಟ್ಟಿರಬೇಕು ಎಂದೇ ಎಲ್ಲರೂ ಅಂದುಕೊಂಡರು. "ಸ್ವಿಚ್ಚನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?" ಅಂತ ದೊಡ್ಡಪ್ಪ ಫೋನಿನಲ್ಲಿ ಕೇಳಿದರು. "ಬೇಡ ದೊಡ್ಡಪ್ಪ, ನಾನು ಬರೋವರೆಗೂ ಮುಟ್ಟಬೇಡಿ" ಅಂದೆ. ಆ ಸ್ವಿಚ್‌ನ ಲಾಗ್, ಅಂದರೆ ನಡೆದದ್ದರ ದಾಖಲೆ, ಇರುವುದು ತಾತ್ಕಾಲಿಕ ಮೆಮೊರಿಯಲ್ಲಿ. ಆಫ್ ಮಾಡಿದ್ದರೆ ಅಳಿಸಿಹೋಗುತ್ತಿತ್ತು.

ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಸಿಕ್ಕಿಸಿ ನೋಡಿದೆ. ಕ್ಯಾಮೆರಾದ ಪೋರ್ಟುಗಳನ್ನೆಲ್ಲ ಯಾರೋ ಶಟ್‌ಡೌನ್ ಕಮಾಂಡ್ ಕೊಟ್ಟು ನಿಲ್ಲಿಸಿದ್ದರು. ಕ್ಯಾಮೆರಾಗಳಿಗೆ ಕರೆಂಟ್ ಬರುತ್ತಿದ್ದದ್ದೂ ಅದೇ ಕೇಬಲ್‌ನಲ್ಲಿ, ಅದೂ ನಿಂತಿತ್ತು. ಲಾಗ್‌ನಲ್ಲಿ 'ಕಾನ್ಫಿಗರ್ಡ್ ಫ್ರಮ್ ಕನ್ಸೋಲ್ ಬೈ ವಿಟಿವೈ0' ಎಂಬ ಸಾಲು (ವಿಟಿವೈ ಎಂದರೆ ದೂರದಿಂದ ಲಾಗಿನ್ ಆಗುವ ಲೈನ್), ಅದರ ಪಕ್ಕದಲ್ಲಿ ನಮಗೆ ಸಂಬಂಧವೇ ಇಲ್ಲದ ಹೊರಗಿನ ಐಪಿ ವಿಳಾಸ. ಎಷ್ಟು ಹೊತ್ತಿಗೆ ನುಗ್ಗಿದರು ಎನ್ನುವುದಕ್ಕೆ ಮಾತ್ರ ಆಧಾರ ಸಿಗಲಿಲ್ಲ. ಯಾರೂ ಎನ್‌ಟಿಪಿ (ಗಡಿಯಾರವನ್ನು ತಾನಾಗಿಯೇ ಸರಿಪಡಿಸುವ ವ್ಯವಸ್ಥೆ) ಹಾಕಿರಲಿಲ್ಲ, ಸ್ವಿಚ್‌ನ ಗಡಿಯಾರ 1993ರ ಮಾರ್ಚ್‌ನಲ್ಲಿತ್ತು. ದೂರು ಕೊಡಬೇಕಾದರೆ ಮೊದಲು ಕೇಳುವುದೇ ಸಮಯ.

ಕಾಂಟ್ರಾಕ್ಟರ್ ಸುಳ್ಯದ ಕಡೆಯವರು. "ಮಳೆಗಾಲದಲ್ಲಿ ಘಾಟಿ ಹತ್ತಿ ಬರೋಕಾಗಲ್ಲ ಸರ್, ಅದಕ್ಕೇ ತೆರೆದಿಟ್ಟಿದ್ದೆ" ಅಂದರು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದದ್ದನ್ನು ಕಂಡವರು ಆ ಮಾತನ್ನು ತಳ್ಳಿಹಾಕುವುದಿಲ್ಲ. ದೂರದಿಂದ ನೋಡುವ ಅನುಕೂಲ ನಮಗೆ ಬೇಕೇ ಬೇಕು. ಆದರೆ ಅವರು ಕ್ಯಾಮೆರಾಕ್ಕೆಂದು ತೆಗೆಸಿದ ಸ್ಟ್ಯಾಟಿಕ್ ಐಪಿಯಲ್ಲಿ (ಬದಲಾಗದ ಇಂಟರ್ನೆಟ್ ವಿಳಾಸ) ಪೋರ್ಟ್ 23, ಅಂದರೆ ದೂರದಿಂದ ಲಾಗಿನ್ ಮಾಡುವ ಹಳೆಯ ವಿಧಾನವಾದ ಟೆಲ್ನೆಟ್‌ನ ದಾರಿಯನ್ನು ನೇರ ಸ್ವಿಚ್‌ಗೆ ಫಾರ್ವರ್ಡ್ ಮಾಡಿದ್ದರು, ಹೊರಗಿನಿಂದ ಬಂದದ್ದು ಹಾಗೇ ಒಳಗೆ ಹೋಗುವಂತೆ. ಪಾಸ್‌ವರ್ಡ್ 'ಅಡ್ಮಿನ್'. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಹಾಗೇ ಹೋಗುತ್ತದೆ.

"ಕೊಡಗಿನ ಮೂಲೆಯ ತೋಟ ಯಾರಿಗೆ ಗೊತ್ತು?" ಎಂದು ಕೇಳುವವರಿದ್ದಾರೆ. ಯಾರಿಗೂ ಗೊತ್ತಿರಬೇಕಿಲ್ಲ. ವಿಳಾಸಗಳನ್ನು ಸಾಲಾಗಿ ತಟ್ಟಿ ನೋಡುವುದು ಪ್ರೋಗ್ರಾಂಗಳ ಕೆಲಸ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ಪ್ರೋಗ್ರಾಂ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿದ್ದು ಹೀಗೆಯೇ, ಟೆಲ್ನೆಟ್ ಮತ್ತು ಕಂಪನಿಯಿಂದಲೇ ಬಂದ ಪಾಸ್‌ವರ್ಡ್ ಹಿಡಿದು.

ಈಗ ಫಾರ್ವರ್ಡ್ ತೆಗೆದು ವಿಪಿಎನ್ (ಇಂಟರ್ನೆಟ್ ಮೇಲೆಯೇ ಗೂಢಲಿಪಿಯ ಖಾಸಗಿ ದಾರಿ) ಮಾಡಿದ್ದೇವೆ, ಕಾಂಟ್ರಾಕ್ಟರ್ ಅದರೊಳಗಿನಿಂದಲೇ ಬರಬೇಕು. ಟೆಲ್ನೆಟ್ ಬಂದ್, ಗೂಢಲಿಪಿಯಲ್ಲಿ ಹೋಗುವ ಎಸ್‌ಎಸ್‌ಎಚ್ ಮಾತ್ರ. ಯಾವ ವಿಳಾಸದಿಂದ ಲಾಗಿನ್ ಮಾಡಬಹುದು ಎಂಬ ಆಕ್ಸೆಸ್ ಲಿಸ್ಟ್ ಬರೆದು ವಿಟಿವೈ ಲೈನ್‌ಗಳಿಗೆ ಆಕ್ಸೆಸ್-ಕ್ಲಾಸ್ ಆಗಿ ಕಟ್ಟಿದೆವು. ಪಟ್ಟಿಯಲ್ಲಿಲ್ಲದವರಿಗೆ ತಾನಾಗಿಯೇ ನಿರಾಕರಣೆ. ಇಲ್ಲಿ ಬಹಳ ಜನ 0ಯಿಂದ 4ರವರೆಗಿನ ಲೈನ್‌ಗಳಿಗೆ ಮಾತ್ರ ಕಟ್ಟಿ ಸುಮ್ಮನಾಗುತ್ತಾರೆ. ಸಿಸ್ಕೋ ಕಂಪನಿಯ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ 5ರಿಂದ 15ರವರೆಗೂ ಲೈನ್ ಇರುತ್ತವೆ, ಅವುಗಳನ್ನು ಬಿಟ್ಟರೆ ಬಾಗಿಲು ಅರ್ಧ ಮಾತ್ರ ಮುಚ್ಚಿದಂತೆ. ಬ್ರೌಸರ್ ಲಾಗಿನ್‌ಗೂ ಎಸ್‌ಎನ್‌ಎಂಪಿಗೂ (ಸಾಧನದ ಸ್ಥಿತಿಯನ್ನು ದೂರದಿಂದ ಗಮನಿಸುವ ವ್ಯವಸ್ಥೆ) ಈ ಕಟ್ಟು ತಾಗುವುದಿಲ್ಲ. ಬೇಡವಾದರೆ ನಿಲ್ಲಿಸಿ, ಬೇಕಾದರೆ ಬೇರೆ ಲಿಸ್ಟ್ ಹಾಕಿ. ಎಸ್‌ಎನ್‌ಎಂಪಿಯಲ್ಲಿ 'ಪಬ್ಲಿಕ್', 'ಪ್ರೈವೇಟ್' ಎಂಬ, ಪಾಸ್‌ವರ್ಡ್‌ನಂತೆ ಕೆಲಸ ಮಾಡುವ, ಎಲ್ಲರಿಗೂ ಗೊತ್ತಿರುವ ಹೆಸರುಗಳನ್ನು ಉಳಿಸಲೇಬೇಡಿ.

ಹೋಮ್‌ಸ್ಟೇಯವರು ಒಳಗಿನ ದಾರಿಯನ್ನೂ ನೋಡಬೇಕು. ನಮ್ಮಲ್ಲಿ ಅತಿಥಿಗಳ ವೈಫೈ, ಕ್ಯಾಮೆರಾ, ಸ್ವಿಚ್‌ನ ವಿಳಾಸ ಎಲ್ಲವೂ ವಿಲ್ಯಾನ್ 1ರಲ್ಲೇ ಇದ್ದವು (ವಿಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್). ವಾರಾಂತ್ಯಕ್ಕೆ ಬಂದ ಯಾರೇ ಆದರೂ ಲಾಗಿನ್ ಪರದೆ ತೆರೆಯಬಹುದಿತ್ತು. ಸ್ವಿಚ್‌ನ ಮ್ಯಾನೇಜ್‌ಮೆಂಟ್‌ಗೆ ಬೇರೆ ವಿಲ್ಯಾನ್ ಮಾಡಿಸಿ.

ದೂರದಿಂದ ಲಿಸ್ಟ್ ಹಾಕುವಾಗ ಒಂದು ತಪ್ಪು ಸಾಲು ಸಾಕು, ನೀವೇ ಹೊರಗುಳಿಯುತ್ತೀರಿ. ಮೊದಲು ಕಾನ್ಫಿಗರೇಶನ್ ಸೇವ್ ಮಾಡಿ, 'ರಿಲೋಡ್ ಇನ್ 10' (ಹತ್ತು ನಿಮಿಷದ ನಂತರ ಸ್ವಿಚ್ ತಾನಾಗಿಯೇ ರೀಸ್ಟಾರ್ಟ್ ಆಗುವ ಕಮಾಂಡ್) ಕೊಟ್ಟು ಶುರು ಮಾಡಿ. ಕೆಟ್ಟರೆ ಹತ್ತು ನಿಮಿಷಕ್ಕೆ ಹಳೆಯ ಸ್ಥಿತಿಗೆ ಬರುತ್ತದೆ, ಸರಿಯಾದರೆ 'ರಿಲೋಡ್ ಕ್ಯಾನ್ಸಲ್' ಕೊಟ್ಟು ಆಮೇಲೆ ಸೇವ್ ಮಾಡಿ.

ಕೆಲಸ ಮುಗಿದ ಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ನಿಮ್ಮ ಸ್ಟ್ಯಾಟಿಕ್ ಐಪಿಗೆ ಟೆಲ್ನೆಟ್, ಎಸ್‌ಎಸ್‌ಎಚ್, ಬ್ರೌಸರ್ ಮೂರರಲ್ಲೂ ಪ್ರಯತ್ನಿಸಿ. ಎಲ್ಲಾದರೂ ಪಾಸ್‌ವರ್ಡ್ ಕೇಳಿದರೆ ಅವತ್ತೇ ಕಾಂಟ್ರಾಕ್ಟರ್‌ಗೆ ಫೋನ್ ಮಾಡಿ ಮುಚ್ಚಿಸಿ.