ಫೌಂಡೇಶನ್ ಇಯರ್‌ಗೆ ‘ಹೂಂ’ ಅನ್ನುವ ಮೊದಲು ಸೆಪ್ಟೆಂಬರ್ 1ರ ಲೆಕ್ಕ ಹಾಕಿ

ಇಂಗ್ಲೆಂಡಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಮೇಲಿದ್ದೀರಾ? ಕಾಯಂ ವಾಸದ ಅನುಮತಿಯಾದ ಐಎಲ್‌ಆರ್‌ಗೆ ಇನ್ನೂ ಕೆಲವು ತಿಂಗಳೋ ಒಂದೆರಡು ವರ್ಷವೋ ಬಾಕಿ ಇದೆಯಾ? ಮನೆಯಲ್ಲಿ ಎ-ಲೆವೆಲ್ (ಇಲ್ಲಿನ ಪಿಯು) ಓದುವ ಮಗನೋ ಮಗಳೋ ಇದ್ದಾರಾ? ಹಾಗಿದ್ದರೆ, ಡಿಗ್ರಿಗೆ ಮೊದಲು ಒಂದು ವರ್ಷ ತಯಾರಿ ಮಾಡಿಸುವ ಫೌಂಡೇಶನ್ ಇಯರ್‌ಗೆ ಮಗನನ್ನು ಸೇರಿಸಿ ನಾವು ಬಿದ್ದ ಗುಂಡಿಯ ಕಥೆಯನ್ನು ದಯವಿಟ್ಟು ಪೂರ್ತಿ ಓದಿ. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ನಮ್ಮ ದೂರು ಇನ್ನೂ ಮುಗಿದಿಲ್ಲ ಅನ್ನುವುದು ಒಂದು ಕಾರಣ. ಹೆಸರು ಹೇಳಿದರೆ ‘ಓ, ಅಲ್ಲಿಗೆ ಹೋಗದಿದ್ದರೆ ಆಯ್ತು’ ಅಂದುಕೊಳ್ಳುತ್ತೀರಿ ಅನ್ನುವುದು ಇನ್ನೊಂದು. ಗುಂಡಿ ಇರುವುದು ನಿಯಮದಲ್ಲೇ. ಎಲ್ಲಿಗೆ ಹೋದರೂ ಅದು ಸಿಗುತ್ತದೆ.

ನಾವು ಇಲ್ಲಿಗೆ ಬಂದದ್ದು 2019ರ ನವೆಂಬರ್ ಕೊನೆಯಲ್ಲಿ, ಆಗಿನ ಟಿಯರ್ 2 ವೀಸಾದಲ್ಲಿ. ಮಗನಿಗೆ ಹದಿಮೂರು. ಅವನ ಎ-ಲೆವೆಲ್ ಫಲಿತಾಂಶ ಬಂದದ್ದು 2024ರ ಆಗಸ್ಟ್ 15ಕ್ಕೆ. ಊರಿನ ಗ್ರೂಪುಗಳಲ್ಲೆಲ್ಲ ಬೆಳಗಿನಿಂದ ಬಾವುಟಗಳು ಹಾರುತ್ತಿದ್ದರೆ ನಮ್ಮ ಮನೆಯಲ್ಲಿ ಮಾತಿಲ್ಲ. ಬೇಕಿದ್ದದ್ದು ಒಂದು ಎ, ಎರಡು ಬಿ. ಬಂದದ್ದು ಗಣಿತದಲ್ಲಿ ಸಿ, ಫಿಸಿಕ್ಸ್‌ನಲ್ಲಿ ಡಿ, ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ. ಪ್ರವೇಶದ ಅರ್ಜಿ ಹಾಕುವ ಯುಕಾಸ್‌ನಲ್ಲಿ ಫರ್ಮ್ (ಮೊದಲ ಆಯ್ಕೆ) ಇಟ್ಟುಕೊಂಡಿದ್ದ ಕಡೆಯೂ ಸೀಟಿಲ್ಲ, ಇನ್ಶೂರೆನ್ಸ್ (ಎರಡನೇ ಆಯ್ಕೆ) ಕಡೆಯೂ ಇಲ್ಲ.

ದಾವಣಗೆರೆಯಿಂದ ನಮ್ಮಣ್ಣ ಫೋನ್ ಮಾಡಿ, ‘ಅಷ್ಟಕ್ಕೇನಮ್ಮ, ಎರಡನೇ ಪರೀಕ್ಷೆ ಬರೆಸು’ ಅಂದ. ಅವನದೇನೂ ತಪ್ಪಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ದ್ವಿತೀಯ ಪಿಯುಗೆ ಪರೀಕ್ಷೆ-1, 2, 3 ಅಂತ ಒಂದೇ ವರ್ಷದಲ್ಲಿ ಮೂರು ಅವಕಾಶ ಇತ್ತು. ಇಲ್ಲಿ ಆ ಸುಖವಿಲ್ಲ. ಎ-ಲೆವೆಲ್ ಮತ್ತೆ ಬರೆಯಬೇಕೆಂದರೆ ಮುಂದಿನ ಮೇ-ಜೂನ್‌ವರೆಗೆ ಕಾಯಬೇಕು, ಆ ವಿಷಯದ ಎಲ್ಲ ಪೇಪರ್‌ಗಳನ್ನೂ ಮತ್ತೆ ಬರೆಯಬೇಕು. ಜನವರಿಯಲ್ಲಿ ನಡೆಯುತ್ತಿದ್ದ ಪರೀಕ್ಷೆ 2013ಕ್ಕೇ ನಿಂತುಹೋಗಿದೆ. ಹಾಗಾಗಿ ‘ರೀಟೇಕ್’ ಅಂದ ಕೂಡಲೇ ನಮ್ಮವರ ಕಿವಿಗೆ ಕೇಳಿಸುವುದು ‘ವರ್ಷ ಹಾಳು’ ಅಂತ.

ಉಳಿದ ಸೀಟುಗಳನ್ನು ತುಂಬುವ ಕ್ಲಿಯರಿಂಗ್‌ನವರಿಗೆ ನಮ್ಮ ಈ ಭಯ ಚೆನ್ನಾಗಿ ಗೊತ್ತು. ಫೋನ್ ಎತ್ತಿದ ಹುಡುಗಿಯ ಮಾತು ಬೆಣ್ಣೆಯ ಹಾಗಿತ್ತು. ಗ್ರೇಡ್ ಕೇಳಿದಳು, ನೇರವಾಗಿ ಮೊದಲ ವರ್ಷಕ್ಕೆ ಆಗುವುದಿಲ್ಲ, ಆದರೆ ಕಂಪ್ಯೂಟರ್ ಸೈನ್ಸ್ ‘ವಿತ್ ಫೌಂಡೇಶನ್ ಇಯರ್’ ಈಗಲೇ ಕೊಡುತ್ತೇನೆ ಅಂದಳು. ಸೀಟು ಹಿಡಿದಿಡುವುದು ಸಂಜೆಯವರೆಗೆ ಮಾತ್ರವಂತೆ. ಫೀಸು ಸ್ಥಳೀಯರ ಕಡಿಮೆ ದರದ್ದೋ (ಹೋಮ್) ವಿದೇಶಿಯರ ಹೆಚ್ಚಿನ ದರದ್ದೋ (ಓವರ್‌ಸೀಸ್) ಅಂತ ನಾನು ಎರಡು ಸಲ ಕೇಳಿದೆ. ‘ಐದು ವರ್ಷ ಆಗ್ತಾ ಬಂತಲ್ಲ, ಹೋಮ್ ಸ್ಟೂಡೆಂಟ್ ಅಂತಲೇ ಆಗಬಹುದು, ಎನ್‌ರೋಲ್‌ಮೆಂಟ್ ಹೊತ್ತಿಗೆ ನೋಡ್ತಾರೆ’ ಅನ್ನುವುದು ಉತ್ತರ. ಆಮೇಲೆ ಬಂದ ಈಮೇಲ್‌ನಲ್ಲಿ ಫೀ ಸ್ಟೇಟಸ್ ಎದುರು ‘ಪರಿಶೀಲನೆಯಲ್ಲಿದೆ’ ಅಂತಷ್ಟೇ ಇತ್ತು. ‘ವರ್ಷ ಉಳೀತು ಬಿಡಿ’ ಅಂತ ಗೊತ್ತಿದ್ದವರೆಲ್ಲ ಸಮಾಧಾನ ಹೇಳಿದರು.

ಉಳಿದದ್ದಾದರೂ ಏನು? ರೀಟೇಕ್ ಒಂದು ವರ್ಷ, ಡಿಗ್ರಿ ಮೂರು ವರ್ಷ. ಫೌಂಡೇಶನ್ ಒಂದು ವರ್ಷ, ಡಿಗ್ರಿ ಮೂರು ವರ್ಷ. ಎರಡೂ ನಾಲ್ಕೇ. ಮಗ ಕ್ಯಾಂಪಸ್‌ನಲ್ಲಿದ್ದಾನೆ ಅಂತ ಹೇಳಿಕೊಳ್ಳಬಹುದು, ಅಷ್ಟೇ ವ್ಯತ್ಯಾಸ. ಬರುವ ಆಗಸ್ಟ್‌ನಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ ತಪ್ಪಾಗಿ ನಡೆಯುತ್ತದೆ, ಬೇಕಾದರೆ ನೋಡಿ.

ಈಗ ಅಸಲು ವಿಷಯ. ಇಂಗ್ಲೆಂಡಿನಲ್ಲಿ ಹೋಮ್ ಫೀಸು, ಸ್ಟೂಡೆಂಟ್ ಫೈನಾನ್ಸ್ (ಸರ್ಕಾರದ ವಿದ್ಯಾರ್ಥಿ ಸಾಲ) ಎರಡೂ ಸಿಗಬೇಕೆಂದರೆ ನಮ್ಮಂಥವರ ಮಕ್ಕಳು ‘ಕೋರ್ಸಿನ ಮೊದಲ ಶೈಕ್ಷಣಿಕ ವರ್ಷದ ಮೊದಲ ದಿನ’ ಸೆಟಲ್ಡ್ ಆಗಿರಬೇಕು, ಅಂದರೆ ಕೈಯಲ್ಲಿ ಐಎಲ್‌ಆರ್ ಇರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಇಲ್ಲೇ ನೆಲೆಸಿರಬೇಕು. ಶರತ್ಕಾಲದಲ್ಲಿ ಶುರುವಾಗುವ ಕೋರ್ಸಿಗೆ ಆ ಮೊದಲ ದಿನ ಅಂದರೆ ಸೆಪ್ಟೆಂಬರ್ 1. ತರಗತಿ ಶುರುವಾದ ದಿನ ಅಲ್ಲ, ಫೀಸು ಕಟ್ಟಿದ ದಿನವೂ ಅಲ್ಲ. ಐಎಲ್‌ಆರ್ ಇಲ್ಲದೆಯೂ ಒಂದು ದಾರಿ ಇದೆ: ಹದಿನೆಂಟು ತುಂಬದವರು ಇಲ್ಲಿ ಏಳು ವರ್ಷ ಇದ್ದಿರಬೇಕು, ತುಂಬಿದವರು ಆಯಸ್ಸಿನ ಅರ್ಧ ಅಥವಾ ಇಪ್ಪತ್ತು ವರ್ಷ ಕಳೆದಿರಬೇಕು. ಹದಿಮೂರಕ್ಕೆ ಬಂದು ಹದಿನೆಂಟಾದವನಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ.

ಡಿಗ್ರಿಯೊಳಗೇ ಸೇರಿಕೊಂಡಿರುವ ಫೌಂಡೇಶನ್ ಇಯರ್‌ನಲ್ಲಿ ಆ ಫೌಂಡೇಶನ್ನೇ ಕೋರ್ಸಿನ ಮೊದಲ ವರ್ಷ. ನಮ್ಮ ಸೆಪ್ಟೆಂಬರ್ 1, 2024ರಲ್ಲೇ ಬಿದ್ದುಹೋಯಿತು. ಐಎಲ್‌ಆರ್‌ಗೆ ಬೇಕಿದ್ದ ಐದು ವರ್ಷ ನಮಗೆ ತುಂಬುವುದು ನವೆಂಬರ್‌ನಲ್ಲಿ. ಅವನು ಮನೆಯಲ್ಲೇ ಕೂತು ಪರೀಕ್ಷೆ ಮತ್ತೆ ಬರೆದಿದ್ದರೆ ಕೋರ್ಸ್ 2025ರ ಸೆಪ್ಟೆಂಬರ್‌ಗೆ ಶುರುವಾಗುತ್ತಿತ್ತು, ಅಷ್ಟರಲ್ಲಿ ಐಎಲ್‌ಆರ್ ಬಂದು ತಿಂಗಳುಗಳೇ ಆಗಿರುತ್ತಿದ್ದವು. ಫೋನಿನಲ್ಲಿ ಸೀಟು ಕೊಟ್ಟವರು ವೀಸಾ ಯಾವುದು, ಯಾವಾಗ ಬಂದಿರಿ ಅಂತ ಎಲ್ಲ ಬರೆದುಕೊಂಡಿದ್ದರು. ಇದೊಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ತರಗತಿ ಶುರುವಾದ ಮೇಲೆ ಬಂದ ಪತ್ರದಲ್ಲಿ ‘ಓವರ್‌ಸೀಸ್’ ಅಂತಿತ್ತು. ಆ ವರ್ಷ ಹೋಮ್ ವಿದ್ಯಾರ್ಥಿಗೆ ಗರಿಷ್ಠ ಫೀಸು 9,250 ಪೌಂಡ್. ನಮಗೆ ಹಾಕಿದ್ದು ಅದರ ದುಪ್ಪಟ್ಟಿಗೂ ಮೇಲೆ. ಸಾಲವೂ ಇಲ್ಲ, ಮೊದಲ ಕಂತು ಜೇಬಿನಿಂದಲೇ ಹೋಯಿತು. ಡಿಸೆಂಬರ್‌ನಲ್ಲಿ ಐಎಲ್‌ಆರ್ ಬಂತು. ಹದಿನೆಂಟಾಗಿದ್ದರಿಂದ ಅವನೂ ‘ಲೈಫ್ ಇನ್ ದ ಯುಕೆ’ ಪರೀಕ್ಷೆ ಬರೆಯಬೇಕಾಯಿತು. ಈ ದೇಶದ ರಾಜರಾಣಿಯರ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿ ಪಾಸಾದ ಹುಡುಗ ವಿಶ್ವವಿದ್ಯಾಲಯದ ಕಡತದಲ್ಲಿ ಮಾತ್ರ ವಿದೇಶಿಯಾಗಿಯೇ ಉಳಿದ. ಐಎಲ್‌ಆರ್ ಕಾಗದ ಕಳಿಸಿ ಕೇಳಿದರೆ ಎರಡು ಸಾಲಿನ ಉತ್ತರ: ಕೋರ್ಸಿನ ಮೊದಲ ದಿನ ಇದ್ದ ಸ್ಥಿತಿಯೇ ಲೆಕ್ಕಕ್ಕೆ, ನಡುವೆ ಬದಲಾಗುವುದಿಲ್ಲ. ಅಂದರೆ ನಾಲ್ಕೂ ವರ್ಷ ಅದೇ ದರ.

ದುಡ್ಡಿನ ಗೋಳು ಹಾಗಿರಲಿ, ಓದಾದರೂ ಸರಿಯಿತ್ತೇ ಅಂದರೆ ಅದೂ ಇಲ್ಲ. ಗಣಿತದಲ್ಲಿ ಎ-ಲೆವೆಲ್‌ನ ಮೊದಲ ವರ್ಷದ ಡಿಫರೆನ್ಸಿಯೇಶನ್ನೇ ಮತ್ತೆ, ಜೊತೆಗೆ ‘ಅಕಾಡೆಮಿಕ್ ಸ್ಕಿಲ್ಸ್’ ಅಂತ ಒಂದು ವಿಷಯ, ಅದರಲ್ಲಿ ಪ್ರಬಂಧಕ್ಕೆ ಅಡಿಟಿಪ್ಪಣಿ ಹಾಕುವುದು ಹೇಗೆ ಅಂತ ವಾರಗಟ್ಟಲೆ ಪಾಠ. ಹ್ಯಾಂಡ್‌ಬುಕ್‌ನ ಒಳಪುಟವೊಂದರಲ್ಲಿ ಇನ್ನೊಂದು ಮಾತಿತ್ತು: ಪಾಸಾಗಲು 40, ಆದರೆ ಕಂಪ್ಯೂಟರ್ ಸೈನ್ಸ್‌ನ ಮೊದಲ ವರ್ಷಕ್ಕೆ ಹೋಗಲು 60. ನಡುವೆ ಸಿಕ್ಕಿಬಿದ್ದವರಿಗೆ ಅದೇ ವಿಶ್ವವಿದ್ಯಾಲಯದ ಬೇರೆ ಯಾವುದೋ ಡಿಗ್ರಿ. ಆ ವರ್ಷ ಮುಗಿಸಿದ್ದಕ್ಕೆ ಬೇರೆಯವರು ಒಪ್ಪುವಂಥ ಪ್ರಮಾಣಪತ್ರವೂ ಇಲ್ಲ. ಮಗ ಬೇರೆ ಮೂರ್ನಾಲ್ಕು ಕಡೆ ವಿಚಾರಿಸಿದ, ಎಲ್ಲರೂ ‘ನಿನ್ನ ಎ-ಲೆವೆಲ್ ಗ್ರೇಡ್ ಏನು?’ ಅಂತಲೇ ಕೇಳಿದರು. ಸಿ ಸಿ ಆಗಿಯೇ ಇತ್ತು, ಡಿ ಡಿ ಆಗಿಯೇ ಇತ್ತು. ರೀಟೇಕ್‌ನಲ್ಲಿ ಬಂದ ಗ್ರೇಡ್ ನಿಮ್ಮ ಸ್ವಂತದ್ದು, ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಫೌಂಡೇಶನ್ ಅಂಕ ಬಹುಪಾಲು ಆ ಒಂದು ಬಾಗಿಲಿಗೆ ಮಾತ್ರ.

ಜನವರಿಯಲ್ಲಿ ಬಿಡಿಸಿದೆವು. ಕಟ್ಟಿದ್ದು ವಾಪಸ್ ಬರಲಿಲ್ಲ. ಸೀಟು ಒಪ್ಪಿದ್ದು ಫೋನಿನಲ್ಲೋ ಆನ್‌ಲೈನ್‌ನಲ್ಲೋ ಆಗಿದ್ದರೆ 2013ರ ಗ್ರಾಹಕ ಒಪ್ಪಂದ ನಿಯಮಗಳ ಪ್ರಕಾರ 14 ದಿನದೊಳಗೆ ರದ್ದು ಮಾಡುವ ಹಕ್ಕಿದೆ. ನಮ್ಮ ಫೀ ಸ್ಟೇಟಸ್ ಪತ್ರ ಬಂದದ್ದು ಆ 14 ದಿನ ಕಳೆದ ಮೇಲೆ. ಕಾಕತಾಳೀಯ ಅಂತ ಅವರು ಹೇಳುತ್ತಾರೆ, ನಾನು ನಂಬುವುದಿಲ್ಲ.

ರೀಟೇಕ್‌ನ ತಾಪತ್ರಯವನ್ನೂ ಮುಚ್ಚಿಡುವುದಿಲ್ಲ. ಎ-ಲೆವೆಲ್ ಕಲಿಸಿದ ಹಳೆಯ ಸಿಕ್ಸ್ತ್ ಫಾರ್ಮ್‌ನವರು ‘ಕ್ರಿಸ್‌ಮಸ್‌ಗೆ ಮೊದಲು ಕೇಳಿದ್ದರೆ ಪರೀಕ್ಷೆಗೆ ಕೂರಿಸುತ್ತಿದ್ದೆವು’ ಅಂದರು. ಬೇರೆ ಕಡೆ ಖಾಸಗಿ ಅಭ್ಯರ್ಥಿಯಾಗಿ ಹೆಸರು ಕೊಡಬೇಕು. ಬೇಸಗೆ ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನ ಫೆಬ್ರವರಿ 21. ಆಮೇಲೆ ಹೋದರೆ ದಂಡ. ಪರೀಕ್ಷಾ ಕೇಂದ್ರಗಳು ತಮ್ಮದೇ ಗಡುವನ್ನು ಅದಕ್ಕಿಂತ ಮೊದಲೇ ಇಟ್ಟಿರುತ್ತವೆ. ಖಾಸಗಿಯವರನ್ನು ಕೂರಿಸುವ ಕೇಂದ್ರಗಳನ್ನು ಪರೀಕ್ಷಾ ಬೋರ್ಡ್‌ಗಳ ಒಕ್ಕೂಟವಾದ ಜೆಸಿಕ್ಯೂ ಜಾಲತಾಣದಲ್ಲಿ ಹುಡುಕಬಹುದು. ಹತ್ತಿರದ ಕೇಂದ್ರದಲ್ಲಿ ಫಿಸಿಕ್ಸ್‌ಗೆ ಎಕ್ಯೂಎ ಬೋರ್ಡ್ ಮಾತ್ರ ಇತ್ತು, ಇವನು ಓದಿದ್ದು ಓಸಿಆರ್. ‘ಫಿಸಿಕ್ಸ್ ಎಲ್ಲ ಕಡೆ ಫಿಸಿಕ್ಸೇ ತಾನೆ’ ಅಂತ ಬೋರ್ಡ್ ಬದಲಿಸಬೇಡಿ. ಎಕ್ಯೂಎಯ ಮೂರನೇ ಪೇಪರ್‌ನಲ್ಲಿ ಐಚ್ಛಿಕ ಭಾಗವೊಂದಿದೆ, ಆಸ್ಟ್ರೋಫಿಸಿಕ್ಸ್‌ನಂಥದ್ದು. ಅದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಕೊನೆಗೆ ರೈಲಿನಲ್ಲಿ ಒಂದು ಗಂಟೆ ದೂರದ ಊರಲ್ಲಿ ಓಸಿಆರ್ ಕೇಂದ್ರ ಸಿಕ್ಕಿತು. ಫಿಸಿಕ್ಸ್ ಪ್ರಾಯೋಗಿಕದ ಪಾಸ್ ಹಳೆಯದೇ ನಡೆಯಿತು, ಮತ್ತೆ ಲ್ಯಾಬ್ ಮಾಡಬೇಕಾಗಲಿಲ್ಲ. ಹಳೆಯ ಶಾಲೆಯಿಂದ ಅದರ ದಾಖಲೆ ಮೊದಲೇ ತರಿಸಿಟ್ಟುಕೊಳ್ಳಿ. ಕಂಪ್ಯೂಟರ್ ಸೈನ್ಸ್ ಮುಟ್ಟಲಿಲ್ಲ. ಗಣಿತ, ಫಿಸಿಕ್ಸ್ ಎರಡಕ್ಕೂ ಸೇರಿ ಪರೀಕ್ಷೆಯ ಖರ್ಚು ನೂರರ ಲೆಕ್ಕದಲ್ಲೇ ಮುಗಿಯಿತು, ಸಾವಿರದ ಮಾತೇ ಬರಲಿಲ್ಲ. ಮೆಡಿಸಿನ್‌ನಂಥ ಕೆಲವು ಕೋರ್ಸ್‌ಗಳವರು ರೀಟೇಕ್ ಅಂದರೆ ಮೂಗು ಮುರಿಯುತ್ತಾರೆ, ಕೆಲವರು ಹೆಚ್ಚಿನ ಗ್ರೇಡ್ ಕೇಳುತ್ತಾರೆ. ಮೊದಲೇ ಕೇಳಿಕೊಳ್ಳಿ.

2025ರ ಆಗಸ್ಟ್ 14ಕ್ಕೆ ಗಣಿತದಲ್ಲಿ ಎ, ಫಿಸಿಕ್ಸ್‌ನಲ್ಲಿ ಬಿ. ಸೆಪ್ಟೆಂಬರ್‌ನಲ್ಲಿ ಬೇರೆ ವಿಶ್ವವಿದ್ಯಾಲಯ, ಹೋಮ್ ಫೀಸು 9,535 ಪೌಂಡ್, ಸಾಲವೂ ಸಿಕ್ಕಿದೆ. ಆದರೂ ಹಳೆಯದರ ಬಾಲ ಬಿಟ್ಟಿಲ್ಲ. ಸ್ಟೂಡೆಂಟ್ ಫೈನಾನ್ಸ್ ಕೊಡುವುದು ಕೋರ್ಸಿನ ಅವಧಿಗೆ ಒಂದು ವರ್ಷ ಕೂಡಿಸಿ, ಹಿಂದೆ ಓದಿದ ವರ್ಷಗಳನ್ನು ಕಳೆದು. ಆ ಹಿಂದಿನ ಓದಿಗೆ ಸ್ವಂತ ದುಡ್ಡು ಕಟ್ಟಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಅಲ್ಲಿಗೆ ಅವನ ಹೆಚ್ಚುವರಿ ವರ್ಷ ಖರ್ಚಾಯಿತು. ಮುಂದೆ ಕಾಯಿಲೆ ಬಿದ್ದೋ ಕೋರ್ಸ್ ಬದಲಿಸಿಯೋ ಒಂದು ವರ್ಷ ಹೆಚ್ಚು ಬೇಕಾದರೆ ಕೈಯಿಂದಲೇ ಕಟ್ಟಬೇಕಾದೀತು.

ಹೋಮ್ ಫೀಸಿನವರಿಗೆ ಫೌಂಡೇಶನ್ ಪುಕ್ಕಟೆ ಅಂದುಕೊಳ್ಳಬೇಡಿ. 2025-26ರಿಂದ ಬಿಸಿನೆಸ್, ಸಮಾಜವಿಜ್ಞಾನ, ಮಾನವಿಕಗಳಂಥ ತರಗತಿ-ಪಾಠದ ಫೌಂಡೇಶನ್‌ಗಳಿಗೆ ಸರ್ಕಾರ 5,760 ಪೌಂಡ್ ಮಿತಿ ಹಾಕಿದೆ. ಎಂಜಿನಿಯರಿಂಗ್‌ನಂಥವಕ್ಕೆ ಪೂರ್ತಿ ದರವೇ. ಆ ಫೀಸಿಗೆ ತೆಗೆದ ವಿದ್ಯಾರ್ಥಿ ಸಾಲಕ್ಕೆ ವರ್ಷದ ಸಂಬಳ 25,000 ಪೌಂಡ್ ದಾಟಿದ ಭಾಗದಲ್ಲಿ ನೂರಕ್ಕೆ 9ರಂತೆ 40 ವರ್ಷದವರೆಗೆ ಹಿಡಿಯುತ್ತಾರೆ. ಫೌಂಡೇಶನ್‌ನಿಂದ ನಿಜವಾಗಿ ಉಪಕಾರ ಆಗುವವರು ಇದ್ದಾರೆ. ಇತಿಹಾಸ, ಇಂಗ್ಲಿಷ್ ಓದಿ ಈಗ ಎಂಜಿನಿಯರಿಂಗ್ ಬೇಕು ಅನ್ನುವ ಹುಡುಗಿ, ವರ್ಷಗಳ ನಂತರ ಓದಿಗೆ ಮರಳುವವರು, ಕಷ್ಟದ ಹಿನ್ನೆಲೆಯ ಮಕ್ಕಳಿಗೆಂದೇ ಇರುವ ಮೆಡಿಸಿನ್ ಗೇಟ್‌ವೇ ಕೋರ್ಸ್‌ಗೆ ಅರ್ಹರಾದವರು. ಸರಿಯಾದ ವಿಷಯಗಳನ್ನೇ ಓದಿ ಒಂದೆರಡು ಗ್ರೇಡ್ ಕಡಿಮೆ ಬಂದವರು ಈ ಪಟ್ಟಿಯಲ್ಲಿಲ್ಲ. ಪಿಯು ಮುಗಿಸಿದ ಮಕ್ಕಳಿಗೆ ಬೆಂಗಳೂರಿನ ಏಜೆಂಟರು ಫೌಂಡೇಶನ್ ಕಟ್ಟುವುದೂ ಹೆಚ್ಚುಕಡಿಮೆ ಇದೇ ಕಥೆ. ಒಳ್ಳೆಯ ಅಂಕವಿದ್ದರೆ ಪಿಯು ಮೇಲೆಯೇ ನೇರವಾಗಿ ಮೊದಲ ವರ್ಷಕ್ಕೆ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳು ಇಲ್ಲಿ ಎಷ್ಟೋ ಇವೆ. ಏಜೆಂಟರ ಕಮಿಷನ್ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಕೇಳಿ ನೋಡಿ.

ಕ್ಲಿಯರಿಂಗ್ ಕರೆ ಬಂದಾಗ ಫೀ ಸ್ಟೇಟಸ್ ಬರವಣಿಗೆಯಲ್ಲಿ ಬರುವ ತನಕ ಸೀಟು ಒಪ್ಪಬೇಡಿ. ಕ್ಲಿಯರಿಂಗ್ ಅಕ್ಟೋಬರ್‌ವರೆಗೂ ನಡೆಯುತ್ತದೆ, ‘ಸಂಜೆಯೊಳಗೆ’ ಅನ್ನುವ ಗಡಿಬಿಡಿ ಅವರದು. ಫೌಂಡೇಶನ್‌ನಿಂದ ಮುಂದಿನ ವರ್ಷಕ್ಕೆ ಹೋಗಲು ಎಷ್ಟು ಅಂಕ ಬೇಕು, ಬೇರೆ ಯಾರು ಇದನ್ನು ಒಪ್ಪುತ್ತಾರೆ ಅಂತ ಈಮೇಲ್‌ನಲ್ಲೇ ಕೇಳಿ. ನಿಮ್ಮ ಐಎಲ್‌ಆರ್ ಯಾವ ಸೆಪ್ಟೆಂಬರ್ 1ಕ್ಕೆ ಮೊದಲು ಬರುತ್ತದೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಐದು ವರ್ಷವನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನು ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಇಟ್ಟಿರುವುದರಿಂದ, ನಿಮಗೆ ಅನ್ವಯಿಸುವ ನಿಯಮ ಯಾವುದು ಅಂತ ಈಗಲೇ ಖಾತ್ರಿ ಮಾಡಿಕೊಳ್ಳಿ. ಒಂದು ವರ್ಷ ಕಾದರೂ ಐಎಲ್‌ಆರ್ ಬರುವುದಿಲ್ಲ ಅಂತಾದರೆ ರೀಟೇಕ್ ಗ್ರೇಡನ್ನು ಉಳಿಸುತ್ತದೆ, ಫೀಸನ್ನು ಉಳಿಸುವುದಿಲ್ಲ. ಫೀ ಸ್ಟೇಟಸ್ ನಿಯಮಗಳನ್ನು ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಯುಕಿಸಾ ಸಂಸ್ಥೆಯ ಜಾಲತಾಣದಲ್ಲಿ ಬಿಡಿಸಿ ಬರೆದಿದ್ದಾರೆ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಮೊದಲು ವಿಶ್ವವಿದ್ಯಾಲಯದ ಒಳಗಿನ ದೂರು ವ್ಯವಸ್ಥೆಗೇ ಹೋಗಬೇಕು. ಅದು ಮುಗಿದಾಗ ‘ಕಂಪ್ಲೀಶನ್ ಆಫ್ ಪ್ರೊಸೀಜರ್ಸ್’ ಅನ್ನುವ ಪತ್ರ ಕೊಡುತ್ತಾರೆ. ಅದು ಬಂದ 12 ತಿಂಗಳೊಳಗೆ ಓಐಎಗೆ, ಅಂದರೆ ಉನ್ನತ ಶಿಕ್ಷಣದ ಸ್ವತಂತ್ರ ನ್ಯಾಯನಿರ್ಣಾಯಕರ ಕಚೇರಿಗೆ, ದೂರು ಕೊಡಬಹುದು. ವಿದ್ಯಾರ್ಥಿಗೆ ಖರ್ಚಿಲ್ಲ. ಸೀಟು ಕೊಟ್ಟರೋ ಇಲ್ಲವೋ ಅನ್ನುವ ತಕರಾರನ್ನು ಅವರು ನೋಡುವುದಿಲ್ಲ, ಆದ್ದರಿಂದ ದೂರನ್ನು ಫೀಸಿನ ಬಗ್ಗೆ, ಕೊಟ್ಟ ತಪ್ಪು ಮಾಹಿತಿಯ ಬಗ್ಗೆ ಬರೆಯಿರಿ. ಫೋನಿನಲ್ಲಿ ಮಾತಾಡಿದ ದಿನ, ಹೊತ್ತು, ಹೇಳಿದವರ ಹೆಸರು ಎಲ್ಲ ಸೇರಿಸಿ. ದೂರು ಮಕ್ಕಳ ಹೆಸರಿನಲ್ಲೇ ಹೋಗಬೇಕು. ಅಪ್ಪ-ಅಮ್ಮ ಬರೆದ ಈಮೇಲ್‌ಗಳಿಗೆ ನಮಗೆ ಬಂದ ಉತ್ತರ ‘ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಚರ್ಚಿಸಲಾಗದು’ ಅಂತ ಮಾತ್ರ.