ಮನೆಗೇ ಬರುವ ಪ್ಯಾಲಿಯೇಟಿವ್ ಕೇರ್, ಕಲಬುರಗಿ: ನಮ್ಮ ಮನೆಯ ಅನುಭವ

ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದು, ಇನ್ನು ಆಸ್ಪತ್ರೆಗೆ ಓಡಾಡಲು ಆಗದವರ ಮನೆಗೆ ನರ್ಸ್ ಮತ್ತು ಕೌನ್ಸೆಲರ್ ಬಂದು, ರೋಗ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಸೇವೆ ಇದು. ದುಡ್ಡು ತಗೊಳ್ಳುವುದಿಲ್ಲ. "ಡಾಕ್ಟರೇ ಕೈಬಿಟ್ಟ ಮೇಲೆ ಇವರ್ಯಾಕ್ರಿ?" ಅಂತ ಓಣಿಯವರು ಕೇಳಿದ್ದರು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮಾವನವರಿಗೆ ಬಾಯಿ ಕ್ಯಾನ್ಸರ್. ರೇಡಿಯೇಷನ್ ಆದ ಮೇಲೂ ಗಡ್ಡೆ ಮತ್ತೆ ಬಂತು. ಜೋರು ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯನ್ನು ಡಾಕ್ಟರು ಬರೆದಷ್ಟೇ, ನಾಲ್ಕು ತಾಸಿಗೊಮ್ಮೆ ಕೊಡಬೇಕು, ನೋವು ಶುರುವಾಗಲಿ ಅಂತ ಕಾಯಬಾರದು ಎಂದು ನರ್ಸ್ ಕಲಿಸಿದರು. ಮಲ ಕಟ್ಟದಂತೆ ಜೊತೆಗೇ ಬೇರೆ ಔಷಧಿ. ಕೆನ್ನೆಯ ಹುಣ್ಣು ನಾರುತ್ತಿತ್ತು. ಮೊಮ್ಮಕ್ಕಳು ಹತ್ತಿರ ಬಂದರೆ ಮಾವನವರೇ ಗೋಡೆ ಕಡೆ ತಿರುಗುತ್ತಿದ್ದರು. ನರ್ಸ್ ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ, ಗಾಜ್ ಇಟ್ಟರು. ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು. ಸಣ್ಣ ಮೊಮ್ಮಗಳು ಮತ್ತೆ ಮಂಚ ಹತ್ತಿ ಕೂತಳು.

ರೋಗದ ಹೆಸರನ್ನು ನಾವ್ಯಾರೂ ಅವರೆದುರು ಎತ್ತಿರಲಿಲ್ಲ. ಕೌನ್ಸೆಲರ್ ಬೈಯಲಿಲ್ಲ. ಚೀನಾದಲ್ಲೂ ಎಷ್ಟೋ ಮನೆಗಳಲ್ಲಿ ಸುದ್ದಿ ಮೊದಲು ಮಕ್ಕಳಿಗೆ ತಿಳಿಯುತ್ತದೆ, ಹಿರಿಯರು ಧೈರ್ಯಗೆಡಬಾರದು ಅಂತ ಮುಚ್ಚಿಡುತ್ತಾರೆ, ಸಾವಿನ ಮಾತೇ ಅಪಶಕುನ ಅನ್ನುವುದು ಅಲ್ಲೂ ಇದೆ ಎಂದರು. ಆಮೇಲೆ ಮಾವನವರ ಹತ್ತಿರ ಕೂತು, "ನಿಮಗ ಏನ್ ಅನಸ್ತದ್ರಿ ಅಪ್ಪಾರ?" ಅಂತಷ್ಟೇ ಕೇಳಿದರು. "ನನಗ ಎಲ್ಲಾ ಗೊತ್ತದವ್ವ. ಇವರು ಅಳ್ತಾರಂತ ನಾನೇ ಸುಮ್ನದೀನಿ" ಅಂದರು ಮಾವ. ಅವತ್ತು ಮಗನನ್ನು ಕರೆದು, ತೊಗರಿ ಬೀಜಕ್ಕೆ ಯಾರ ಹತ್ತಿರ ಕೈಗಡ ತಂದಿದ್ದು, ಎಷ್ಟು ಬಾಕಿ, ಎಲ್ಲ ಹೇಳಿದರು. "ಹೊಲದಾಗ ನಮ್ಮವ್ವನ ಬಾಜೂಕ ಇಡ್ರಿ" ಅಂತಲೂ ಹೇಳಿದರು. ಇಷ್ಟು ಮಾತು ಅವರೊಳಗೇ ಉಳಿದು ಹೋಗುತ್ತಿತ್ತಲ್ವಾ!

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅತ್ತೆಯನ್ನು ಅವರು ನೋಡಿಕೊಂಡ ರೀತಿ. ಗಂಡನಿಗೆ ಅಗಿಯಲು ಆಗುವುದಿಲ್ಲ ಅಂತ ಅತ್ತೆ ರೊಟ್ಟಿ ಮುಟ್ಟುವುದನ್ನೇ ಬಿಟ್ಟಿದ್ದರು, ಅವರ ಜೊತೆ ಅಂಬಲಿಯೇ. ಮನೆಯಲ್ಲಿದ್ದ ನಮಗೆ ಹೊಳೆಯದ್ದನ್ನು ನರ್ಸ್ ಕೇಳಿ ತಿಳಿದರು. ಅಡುಗೆಮನೆಯಲ್ಲಿ ಕೂತು, ಒಂದು ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿಕೊಂಡು ಅತ್ತೆಯ ಜೊತೆಗೇ ಉಂಡರು.

ಕೊರತೆಯೂ ಇದೆ. ರಾತ್ರಿ ಫೋನ್ ಎತ್ತುವವರಿಲ್ಲ. ಒಂದು ರಾತ್ರಿ ಗಾಯದಿಂದ ರಕ್ತ ಬಂದಾಗ ನಾವೇ ಒತ್ತಿ ಹಿಡಿದು ಬೆಳಗು ಮಾಡಿದೆವು. ರಾತ್ರಿ ಪಾಳಿಗೆ ಒಬ್ಬರನ್ನಾದರೂ ಇಡಲೇಬೇಕು. ಮಾರ್ಫಿನ್ ಎಲ್ಲ ಮೆಡಿಕಲ್‌ನಲ್ಲೂ ಸಿಗುವುದಿಲ್ಲ. ಮಾದಕ ವಸ್ತುಗಳ ಕಾನೂನು 2014ರಲ್ಲಿ ಸಡಿಲವಾಗಿದ್ದರೂ, ಹೆಚ್ಚಾಗಿ ಇದನ್ನು ಇಡಲು ಮಾನ್ಯತೆ ಪಡೆದ ಆಸ್ಪತ್ರೆಯಿಂದಲೇ ತರಬೇಕಾಗುತ್ತದೆ. ಮಾತ್ರೆ ಮುಗಿಯುವ ಮೊದಲೇ ಹೋಗಿ.

ಮಾವ ತೀರಿಕೊಂಡ ಮೇಲೂ ನರ್ಸ್ ಬಂದು ಅತ್ತೆಯ ನಿದ್ದೆ, ಊಟ ವಿಚಾರಿಸಿದರು. ಕರೆಸುವವರು ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ರಿಪೋರ್ಟ್ ತೆಗೆದಿಟ್ಟುಕೊಳ್ಳಿ. ಹಾಸಿಗೆ ಹಿಡಿಯುವ ತನಕ ಕಾಯಬೇಡಿ, ನೋವು ಶುರುವಾದಾಗಲೇ ನಿಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿ.