ಸೀಮ್‌ಲೆಸ್ ಎಂದು ಮಾರಿದ ಬೆಸುಗೆ ಕೊಳವೆ: ಹೈಡ್ರಾಲಿಕ್ ಸಿಲಿಂಡರ್ ಮಾಡುವವರಿಗೆ ಒಂದು ಎಚ್ಚರಿಕೆ

ಮಿಲ್ಲಿನಿಂದ ನೇರವಾಗಿ ತರಿಸುವಷ್ಟು ಬೇಡಿಕೆಯಿಲ್ಲದೆ, ದಾಸ್ತಾನುಗಾರರಿಂದ ಆಗಾಗ ಒಂದಿಷ್ಟು ಕೊಳವೆ ಕೊಂಡು ಹೈಡ್ರಾಲಿಕ್ ಸಿಲಿಂಡರ್ ತಯಾರಿಸುವ ಸಣ್ಣ ಕಾರ್ಯಾಗಾರಗಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಘಟಕಕ್ಕೆ ತಣ್ಣನೆಯ ಸ್ಥಿತಿಯಲ್ಲಿ ಎಳೆದ ಸೀಮ್‌ಲೆಸ್ (ಎಲ್ಲೂ ಬೆಸುಗೆಯಿಲ್ಲದ) ಉಕ್ಕಿನ ಕೊಳವೆ ಎಂಬ ಹೆಸರಿನಲ್ಲಿ ಬಂದ ಸರಕು, ಪಟ್ಟಿಯ ಅಂಚುಗಳನ್ನು ವಿದ್ಯುತ್ತಿನಿಂದ ಉದ್ದಕ್ಕೂ ಬೆಸೆದ ಸಾಧಾರಣ ಇ.ಆರ್.ಡಬ್ಲ್ಯೂ. ಕೊಳವೆಯಾಗಿತ್ತು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ ಎಂಬುದೇ ಈ ವಂಚನೆಯ ಬಂಡವಾಳ.

ಆ ಕೊಳವೆ ಟ್ರ್ಯಾಕ್ಟರ್ ಟ್ರೇಲರ್ ಎತ್ತುವ ಸಿಲಿಂಡರ್‌ಗಳಿಗೆ ಬೇಕಾಗಿತ್ತು. ಒಳವ್ಯಾಸ 80 ಮಿ.ಮೀ., ಹೊರವ್ಯಾಸ 95 ಮಿ.ಮೀ., ಉಕ್ಕು ಇ355, ಎಳೆದ ನಂತರ ಹದವಾಗಿ ಕಾಯಿಸಿ ಲೋಹದೊಳಗೆ ಉಳಿದ ಒತ್ತಡ ಇಳಿಸಿರಬೇಕು (ಸ್ಟ್ರೆಸ್ ರಿಲೀವ್) ಎಂದು ನಮ್ಮ ಖರೀದಿ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮಾರುಕಟ್ಟೆಯಲ್ಲಿ ಇಂದಿಗೂ ಎಲ್ಲರೂ ಎಸ್‌ಟಿ 52 ಎಂದು ಕರೆಯುವುದು ಈ ಉಕ್ಕನ್ನೇ. ಸರಕಿನ ಜೊತೆ ಬಂದ ಟೆಸ್ಟ್ ಸರ್ಟಿಫಿಕೇಟಿನ ನೆರಳಚ್ಚು ಪ್ರತಿಯಲ್ಲಿ ಎಲ್ಲ ಅಂಕಿಗಳೂ ಸರಿಯಾಗಿಯೇ ಇದ್ದವು. ಕೊಳವೆಗಳನ್ನು ಕತ್ತರಿಸಿ, ಎಚ್8 ಅಳತೆಗೆ, ಅಂದರೆ ಒಳವ್ಯಾಸ 80.000ರಿಂದ 80.046 ಮಿ.ಮೀ. ಒಳಗೆ ಬರುವಂತೆ ಒಳಮೈಯನ್ನು ಸಾಣೆಕಲ್ಲಿನಿಂದ ನುಣ್ಣಗೆ ಉಜ್ಜುವ ಹೋನಿಂಗ್ ಮಾಡಿ, ಎಣ್ಣೆಯ ಪೋರ್ಟುಗಳನ್ನು ಬೆಸೆದು, 160 ಬಾರ್ ಕೆಲಸದ ಒತ್ತಡದ ಒಂದೂವರೆ ಪಟ್ಟು, ಎಂದರೆ 240 ಬಾರ್‌ಗೆ ಪರೀಕ್ಷಿಸುವಾಗ ಒಂದು ಸಿಲಿಂಡರ್ ಉದ್ದಕ್ಕೆ ಸೀಳಿ ಎಣ್ಣೆ ಚಿಮ್ಮಿತು. ಪರೀಕ್ಷೆಯನ್ನು ಗಾಳಿಯಲ್ಲಲ್ಲದೆ ಎಣ್ಣೆಯಲ್ಲಿ, ಉಕ್ಕಿನ ಹಲಗೆಯ ಮರೆಯಲ್ಲಿ ಮಾಡುತ್ತಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಅದೇ ಒತ್ತಡದಲ್ಲಿ ಗಾಳಿ ತುಂಬಿದ್ದರೆ ಅದು ಹಿಗ್ಗುವ ರಭಸಕ್ಕೆ ಲೋಹದ ಚೂರುಗಳೇ ಹಾರುತ್ತಿದ್ದವು. ಹಣ ಉಳಿಸಲೆಂದು ಕಂಪ್ರೆಸರ್ ಗಾಳಿಯಲ್ಲಿ ಸಿಲಿಂಡರ್ ಪರೀಕ್ಷಿಸುವವರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ, ಆದ್ದರಿಂದ ಇದನ್ನು ಇಲ್ಲಿ ಹೇಳಬೇಕಾಯಿತು.

ಮೊದಲ ಅನುಮಾನ ಎಂದಿನಂತೆ ಪೋರ್ಟು ಬೆಸೆದ ವೆಲ್ಡರ್ ಮೇಲೆ ಬಿತ್ತು. ಆದರೆ ಸೀಳು ಪೋರ್ಟಿನಿಂದ ದೂರದಲ್ಲಿ, ಕೊಳವೆಯ ಅಕ್ಷಕ್ಕೆ ಸಮಾನಾಂತರವಾಗಿ, ಗೆರೆ ಎಳೆದಂತೆ ನೇರವಾಗಿ ಸಾಗಿತ್ತು. ಒಳಗಿನ ಒತ್ತಡದಿಂದ ಕೊಳವೆಯ ಗೋಡೆಯಲ್ಲಿ ಸುತ್ತಳತೆಯ ದಿಕ್ಕಿನಲ್ಲಿ ಉಂಟಾಗುವ ಸೆಳೆತ, ಉದ್ದದ ದಿಕ್ಕಿನ ಸೆಳೆತದ ಸುಮಾರು ಎರಡು ಪಟ್ಟು ಇರುತ್ತದೆ. ಹೀಗಾಗಿ ಉದ್ದುದ್ದದ ಬೆಸುಗೆ ಅತಿ ಹೆಚ್ಚಿನ ಸೆಳೆತಕ್ಕೇ ಎದೆಗೊಟ್ಟು ನಿಂತಿರುತ್ತದೆ. ಆದರೂ ನಮ್ಮ ಅಳತೆಯ ಕೊಳವೆಯಲ್ಲಿ 240 ಬಾರ್‌ಗೆ ಆ ಸೆಳೆತ ಸರಾಸರಿ 128 ಮೆಗಾಪಾಸ್ಕಲ್ ಮಾತ್ರ. ಒತ್ತಡ ಇಳಿಸಿದ ಇ355 ಕೊಳವೆಯ ಇಳುವರಿ ಬಲ, ಅಂದರೆ ಲೋಹ ಮರಳಿ ಮೊದಲಿನಂತಾಗದೆ ಹಿಗ್ಗಲು ತೊಡಗುವ ಸೆಳೆತ, ಕನಿಷ್ಠ 450 ಮೆಗಾಪಾಸ್ಕಲ್ ಇರಬೇಕೆಂದು ಇಎನ್ 10305-1 ಎಂಬ ಯುರೋಪಿನ ಮಾನಕ ಹೇಳುತ್ತದೆ. ಅದರ ಮೂರನೆಯ ಒಂದು ಪಾಲೂ ಆಗದ ಹೊರೆಗೆ ಗಟ್ಟಿ ಲೋಹ ಸೀಳುವುದಿಲ್ಲ. ಸೀಳಿತು ಎಂದರೆ ಅಲ್ಲಿ ಸರಿಯಾಗಿ ಕೂಡಿಕೊಳ್ಳದ ಅಂಚು ಇತ್ತು ಎಂದೇ ಅರ್ಥ.

ಆಮೇಲೆ ಮಾಡಿದ ಪರೀಕ್ಷೆಗಳನ್ನು ಹೇಳುವ ಮೊದಲು, ಈ ಕೊಳವೆ ಹೇಗೆ ತಯಾರಾಗಬೇಕಿತ್ತು ಎಂಬುದನ್ನು ವಿವರಿಸಬೇಕು. ವಂಚನೆ ಎಲ್ಲಿ ನಡೆಯಿತು ಎಂಬುದು ಅದರಿಂದಲೇ ತಿಳಿಯುತ್ತದೆ. ಸೀಮ್‌ಲೆಸ್ ಕೊಳವೆಯ ಮೂಲ ಒಂದು ಗಟ್ಟಿ ದಿಂಡು. ಅದನ್ನು ಕೆಂಪಗೆ ಕಾಯಿಸಿ, ಓರೆಯಾಗಿ ಕೂರಿಸಿದ ಉರುಳೆಗಳ ನಡುವೆ ತಿರುಗಿಸುತ್ತ ಮೊನೆಯೊಂದರ ಮೇಲೆ ತಳ್ಳಿದರೆ ನಡುವೆ ತೂತು ಬೀಳುತ್ತದೆ. ಜರ್ಮನಿಯ ಮ್ಯಾನೆಸ್‌ಮನ್ ಸಹೋದರರು 1885ರಲ್ಲಿ ಕಂಡುಕೊಂಡ ವಿಧಾನವಿದು. ಹಾಗೆ ದೊರೆತ ಒರಟು ಕೊಳವೆಯ ಒಂದು ತುದಿಯನ್ನು ಹಿಡಿತ ಸಿಗುವಂತೆ ಬಡಿದು ಕಿರಿದಾಗಿಸಿ, ಆಮ್ಲದಲ್ಲಿ ಅದ್ದಿ ಮೇಲಿನ ಸುಟ್ಟ ಪದರ ತೆಗೆದು, ಫಾಸ್ಫೇಟ್ ಲೇಪನ ಕೊಟ್ಟು, ಅದರ ಮೇಲೆ ಸಾಬೂನಿನ ಪದರ ಹಿಡಿಸುತ್ತಾರೆ. ನಂತರ ಹೊರಗೆ ಟಂಗ್‌ಸ್ಟನ್ ಕಾರ್ಬೈಡಿನ ಡೈ, ಒಳಗೆ ಪ್ಲಗ್ ಅಥವಾ ಮ್ಯಾಂಡ್ರಲ್ ಇಟ್ಟು, ಕಾಯಿಸದೆಯೇ ಡ್ರಾ ಬೆಂಚಿನ ಮೇಲೆ ಎಳೆಯುತ್ತಾರೆ. ಎರಡರ ನಡುವೆ ಹಿಂಡಿಸಿಕೊಂಡು ಬರುವ ಗೋಡೆ ತೆಳುವಾಗುತ್ತದೆ, ನುಣುಪಾಗುತ್ತದೆ, ಅಳತೆಗೆ ಬರುತ್ತದೆ, ಜೊತೆಗೆ ಗಡುಸಾಗುತ್ತದೆ. ಎಳೆದು ಹಾಗೆಯೇ ಬಿಟ್ಟ ಇ355ರ ಹಿಗ್ಗುವ ಗುಣಕ್ಕೆ ಮಾನಕ ಕೇಳುವುದು ಶೇ. 4 ಮಾತ್ರ, ಹದವಾಗಿ ಕಾಯಿಸಿ ಒತ್ತಡ ಇಳಿಸಿದ್ದಕ್ಕೆ ಶೇ. 10. ಬೆಸೆಯುವ, ಒತ್ತಡ ಹೊರುವ ಸಿಲಿಂಡರ್‌ಗೆ ಈ ಕೊನೆಯ ಹಂತವನ್ನು ತಪ್ಪಿಸುವಂತಿಲ್ಲ.

ಬೆಸುಗೆ ಕೊಳವೆಯೆಂದರೆ ಕೀಳು ಎಂದು ನಾನು ಹೇಳುತ್ತಿಲ್ಲ. ಉಕ್ಕಿನ ಪಟ್ಟಿಯನ್ನು ಬಾಗಿಸಿ, ಅಂಚುಗಳನ್ನು ವಿದ್ಯುತ್ತಿನಿಂದ ಬೆಸೆದು, ಒಳಗಿನ ಉಬ್ಬನ್ನು ಕೆತ್ತಿ, ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟು ನಾರ್ಮಲೈಸ್ ಮಾಡಿ, ಮ್ಯಾಂಡ್ರಲ್ ಮೇಲೆ ಎಳೆದ ಕೊಳವೆಗೆ ಇಎನ್ 10305-2 ಎಂಬ ತನ್ನದೇ ಮಾನಕವಿದೆ. ನಮ್ಮ ದಾಸ್ತಾನುಗಾರರು ಅದನ್ನು ಸಿ.ಡಿ.ಡಬ್ಲ್ಯೂ. ಅಥವಾ ಸಿ.ಇ.ಡಬ್ಲ್ಯೂ. ಎನ್ನುತ್ತಾರೆ, ಅಮೆರಿಕದವರು ಡಿ.ಓ.ಎಂ. ಎನ್ನುತ್ತಾರೆ. ಪಟ್ಟಿಯಿಂದ ಹುಟ್ಟಿದ್ದಾದ್ದರಿಂದ ಅದರ ಗೋಡೆಯ ದಪ್ಪ ಸುತ್ತಲೂ ಹೆಚ್ಚು ಸಮನಾಗಿರುತ್ತದೆ, ಬೆಲೆಯೂ ಕಡಿಮೆ. ಹೈಡ್ರಾಲಿಕ್ ಸಿಲಿಂಡರ್‌ನಿಂದ ಹಿಡಿದು ವಾಹನಗಳ ಶಾಕ್ ಅಬ್ಸಾರ್ಬರ್ ಮತ್ತು ಪ್ರೊಪೆಲ್ಲರ್ ಶಾಫ್ಟ್‌ವರೆಗೆ ಅದರ ಬಳಕೆಯಿದೆ. ನಮಗೆ ಬಂದದ್ದು ಅದೂ ಅಲ್ಲ.

ಸೀಳದೆ ಉಳಿದ ತುಂಡಿನಿಂದ ಒಂದು ಬಳೆಯನ್ನು ಕತ್ತರಿಸಿ, ಅದರ ಮುಖವನ್ನು ಎಮೆರಿ ಕಾಗದದಲ್ಲಿ ನುಣ್ಣಗೆ ಉಜ್ಜಿ, ಆಲ್ಕೋಹಾಲಿನಲ್ಲಿ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿದ ನೈಟಲ್ ಎಂಬ ದ್ರಾವಣವನ್ನು ಪ್ರಯೋಗಾಲಯದಲ್ಲಿ ಹಚ್ಚಿಸಿದೆವು. ನಿಮಿಷದೊಳಗೆ ಗೋಡೆಯ ಒಂದು ಕಡೆ, ನಡುವೆ ಸಣ್ಣಗಾಗಿ ಎರಡೂ ತುದಿಗೆ ಅಗಲವಾದ ಡಮರುವಿನ ಆಕಾರ ಮೂಡಿ ಬಂತು. ಅದು ಬೆಸುಗೆಯ ಬಿಸಿ ತಾಗಿದ ಜಾಗ. ಬೆಸೆದ ಮೇಲೆ ಇಡೀ ಕೊಳವೆಯನ್ನು ನಾರ್ಮಲೈಸ್ ಮಾಡಿದ್ದರೆ ಆ ಆಕಾರ ಬಹುಮಟ್ಟಿಗೆ ಅಳಿದು, ಕೂಡಿದ ಕಡೆ ಒಂದು ಸಣ್ಣ ಗೆರೆಯಷ್ಟೇ ಉಳಿಯುತ್ತಿತ್ತು. ಹಾಗಾಗಿ ಈ ಕೊಳವೆಗೆ ಬೆಸುಗೆಯ ಬಳಿಕದ ಕಾಯಿಸುವಿಕೆಯೇ ಆಗಿರಲಿಲ್ಲ ಎಂಬುದು ಖಚಿತವಾಯಿತು. ಇನ್ನೊಂದು ಬಳೆಯನ್ನು ಬೆಸುಗೆಯ ಎದುರು ಬದಿಯಲ್ಲಿ ಗರಗಸದಿಂದ ಸೀಳಿದಾಗ ತುದಿಗಳು ತಟ್ಟನೆ ಅಗಲಿ ನಿಂತವು. ಒತ್ತಡ ಇಳಿಸಿದ ಕೊಳವೆ ಹಾಗೆ ಬಾಯಿ ಬಿಡುವುದಿಲ್ಲ.

ರಾಸಾಯನಿಕ ಪರೀಕ್ಷೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಸರ್ಟಿಫಿಕೇಟಿನಲ್ಲಿ ಮ್ಯಾಂಗನೀಸ್ ಶೇ. 1.3ರ ಆಸುಪಾಸು ಎಂದಿದ್ದರೆ ಲೋಹದಲ್ಲಿ ಇದ್ದದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ಇ355ಕ್ಕೆ ಮಾನಕವು ಮ್ಯಾಂಗನೀಸಿನ ಗರಿಷ್ಠ ಮಿತಿಯನ್ನು, ಅಂದರೆ ಶೇ. 1.60 ಎಂದು, ಹೇಳುತ್ತದೆಯೇ ಹೊರತು ಕನಿಷ್ಠ ಮಿತಿಯನ್ನು ಹೇಳುವುದಿಲ್ಲ. ‘ಮಿತಿಯೊಳಗೇ ಇದೆಯಲ್ಲ’ ಎಂದು ಸರಬರಾಜುದಾರರು ವಾದಿಸಿದ್ದು ಇದೇ ಸಂದಿನಲ್ಲಿ. ಆದರೆ ಪ್ರಶ್ನೆ ಮಿತಿಯದ್ದಲ್ಲ, ಕಾಗದದಲ್ಲಿರುವ ಲೋಹವೂ ಕೈಯಲ್ಲಿರುವ ಲೋಹವೂ ಒಂದೇ ಹೌದೋ ಅಲ್ಲವೋ ಎಂಬುದು. ಸರ್ಟಿಫಿಕೇಟಿನ ಹೀಟ್ ನಂಬರನ್ನು, ಅಂದರೆ ಉಕ್ಕನ್ನು ಕರಗಿಸಿದ ಪ್ರತಿ ಸರದಿಗೂ ಕೊಡುವ ಗುರುತಿನ ಸಂಖ್ಯೆಯನ್ನು, ಬರೆದು ಮಿಲ್ಲನ್ನೇ ಕೇಳಿದಾಗ, ಆ ಹೀಟ್ ಬೇರೆಯೇ ಅಳತೆಯ ಕೊಳವೆಗೆ ಸೇರಿದ್ದು ಎಂಬ ಉತ್ತರ ಬಂತು. ನಿಜವಾದ ಸರ್ಟಿಫಿಕೇಟಿನ ಮೇಲೆ ಅಳತೆಯನ್ನಷ್ಟೇ ತಿದ್ದಿ ನೆರಳಚ್ಚು ತೆಗೆದಿದ್ದರು.

ಇನ್ನು ಮುಂದೆ ಕೊಳ್ಳುವವರು ಮೊದಲು ಎರಡೂ ತುದಿಗಳಲ್ಲಿ ಗೋಡೆಯ ದಪ್ಪವನ್ನು ಸುತ್ತಲೂ ಅಳೆಯಿರಿ. ಸೀಮ್‌ಲೆಸ್ ಕೊಳವೆಯಲ್ಲಿ ದಿಂಡಿಗೆ ತೂತು ಕೊರೆಯುವಾಗಿನ ಓರೆ ಎಳೆದ ಮೇಲೂ ಪೂರ್ತಿ ಹೋಗುವುದಿಲ್ಲ. ಒಂದು ಬದಿ ದಪ್ಪ, ಎದುರು ಬದಿ ತೆಳು ಎಂಬ ವ್ಯತ್ಯಾಸ ಸ್ವಲ್ಪವಾದರೂ ಸಿಗುತ್ತದೆ, ಮಾನಕವೂ ಶೇ. 10ರಷ್ಟು ಹೆಚ್ಚುಕಡಿಮೆಗೆ ಒಪ್ಪುತ್ತದೆ. ಸೀಮ್‌ಲೆಸ್ ಎಂದು ಮಾರಿದ ಕೊಳವೆಯ ಗೋಡೆ ಸುತ್ತಲೂ ಕೂದಲೆಳೆಯ ವ್ಯತ್ಯಾಸವೂ ಇಲ್ಲದಷ್ಟು ಸಮನಾಗಿದ್ದರೆ ಸಂತೋಷಪಡಬೇಡಿ, ಅನುಮಾನಪಡಿ. ಆನಂತರ ಒಂದು ಬಳೆ ಕತ್ತರಿಸಿ ನೈಟಲ್ ಹಚ್ಚಿಸಿ. ಇದನ್ನು ಹೋನಿಂಗ್‌ಗೆ ಮುಂಚೆ ಮಾಡಬೇಕು, ಏಕೆಂದರೆ ಹೋನಿಂಗ್ ಆದ ಮೇಲೆ ಒಳಗಿನ ಕೆತ್ತಿದ ಗುರುತೂ ಮಾಯವಾಗುತ್ತದೆ, ಜೊತೆಗೆ ಕೊಳವೆಯ ಬೆಲೆಗಿಂತ ಹೆಚ್ಚಿನ ಕೆಲಸ ಅದರೊಳಗೆ ಸೇರಿಹೋಗಿರುತ್ತದೆ. ಸರ್ಟಿಫಿಕೇಟು ಇಎನ್ 10204ರ 3.1 ಬಗೆಯದ್ದಾಗಿರಲಿ (ತಯಾರಕರೇ ಆ ಸರಕನ್ನು ಪರೀಕ್ಷಿಸಿ ಕೊಡುವಂಥದ್ದು), ಅದರ ಹೀಟ್ ನಂಬರ್ ಕೊಳವೆಯ ಮೇಲಿನ ಗುರುತಿಗೆ ಹೊಂದಲಿ, ಹೊಂದದಿದ್ದರೆ ಲಾರಿಯಿಂದ ಇಳಿಸಿಕೊಳ್ಳಬೇಡಿ.

ನಮ್ಮ ಪ್ರಕರಣದಲ್ಲಿ ಸರಬರಾಜುದಾರರು ಕೊಳವೆಯ ತೂಕಕ್ಕೆ ತಕ್ಕ ಹಣ ಹಿಂದಿರುಗಿಸಲು ಒಪ್ಪಿದರೇ ಹೊರತು ಲೇತಿನ ಕೆಲಸ, ಹೋನಿಂಗ್, ಬೆಸುಗೆ, ಪರೀಕ್ಷೆ ಇವುಗಳ ಖರ್ಚಿಗೆ ಒಪ್ಪಲಿಲ್ಲ. ಆದೇಶದಲ್ಲಿ ನಾವು ಸೀಮ್‌ಲೆಸ್ ಎಂದು ಬರೆದಿದ್ದರೂ ಅವರ ಬಿಲ್ಲಿನಲ್ಲಿ ‘ಸಿ.ಡಿ. ಟ್ಯೂಬ್’ ಎಂದಷ್ಟೇ ಇತ್ತು. ತಣ್ಣಗೆ ಎಳೆದದ್ದು (ಕೋಲ್ಡ್ ಡ್ರಾನ್) ಎಂದಷ್ಟೇ ಹೇಳುವ ಸಿ.ಡಿ. ಎಂಬ ಎರಡಕ್ಷರ ಸೀಮ್‌ಲೆಸ್‌ಗೂ ಬೆಸುಗೆಯದ್ದಕ್ಕೂ ಸಲ್ಲುತ್ತದೆ ಎಂಬುದು ಅವರ ವಕೀಲರ ವಾದ. ಬಿಲ್ಲಿನಲ್ಲಿ ಮಾನಕದ ಸಂಖ್ಯೆ, ಇ355 ಎಂಬ ದರ್ಜೆ, ಒತ್ತಡ ಇಳಿಸಿದ್ದಕ್ಕೆ ಎಸ್.ಆರ್. ಎಂಬ ಗುರುತು, ಹೀಟ್ ನಂಬರ್ ಈ ನಾಲ್ಕೂ ಅಚ್ಚಾಗಿ ಬಾರದಿದ್ದರೆ ಹಣ ಪಾವತಿಸುವುದಿಲ್ಲ ಎಂಬ ಸಾಲನ್ನು ಈಗ ನಮ್ಮ ಪ್ರತಿಯೊಂದು ಖರೀದಿ ಆದೇಶಕ್ಕೂ ಸೇರಿಸಿದ್ದೇವೆ.